ಮೂವತ್ತೆಂಟನೆಯ ಪುಟದ ಆಚೆ

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಾಗ ಫೋನು ಸದ್ದು ಮಾಡಿತು. ನಮ್ಮ ಓದುವವರ ಗುಂಪಿನಲ್ಲಿ ವಿಮಲಾ ಒಂದು ಚಿತ್ರ ಹಾಕಿದ್ದಳು. ಬೆಂಗಳೂರಿನವರು ವರ್ಷಕ್ಕೊಮ್ಮೆ ಒಳ್ಳೆಯ ಕಾದಂಬರಿಗೆ ಒಂದು ಬಹುಮಾನ ಕೊಡುತ್ತಾರಲ್ಲ, ಅದರ ಕೊನೆಯ ಸುತ್ತಿನ ಪಟ್ಟಿ. ಐದು ಪುಸ್ತಕ, ಐದು ಮುಖಪುಟ, ಶಾಲೆಯ ಫೋಟೋಕ್ಕೆ ನಿಂತ ಮಕ್ಕಳ ಹಾಗೆ ಸಾಲಾಗಿ. ಸಿಪ್ಪೆ ಅಂಟಿದ ಬೆರಳಿನಿಂದಲೇ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಪುಸ್ತಕದ ಹೆಸರು ಓದುವ ಮೊದಲು ಅದು ಎಷ್ಟು ದಪ್ಪ ಎಂದು ನೋಡುವುದು ನನ್ನ ಹಳೆಯ ಚಾಳಿ. ಫೋನಿನಲ್ಲಿ ಬರೀ ಮುಖ ಕಾಣುತ್ತದೆ, ಬೆನ್ನು ಕಾಣುವುದಿಲ್ಲ, ಅದೊಂದು ತೊಂದರೆ.

ಚಿತ್ರದ ಕೆಳಗೆ ವಿಮಲಾ ಬರೆದಿದ್ದಳು: "ವಹಿನಿ, ಹೋದ ವರ್ಷ ಆ ದೊಡ್ಡ ಪುಸ್ತಕದ ಬಗ್ಗೆ ಎಷ್ಟ ಚಂದ ಬರದಿದ್ರಿ. ಈ ಸಲ ಮೊದಲ ನೀವ ಆರಿಸ್ರಿ."

ಹೋದ ವರ್ಷ ಏನು ಬರೆದಿದ್ದೆನೋ ನನಗೇ ಮರೆತಿತ್ತು. ಹಿಂದೆ ಹಿಂದೆ ಸರಿಸಿ ಹುಡುಕಿದೆ. ಸಿಕ್ಕಿತು. "ಮನಸ್ಸನ್ನು ಕಲಕುವ ಕೃತಿ. ಆಮೇಲೆ ಎರಡು ದಿನ ಬೇರೆ ಪುಸ್ತಕ ಮುಟ್ಟಲಾಗಲಿಲ್ಲ." ಎರಡನೆಯ ವಾಕ್ಯದಲ್ಲಿ ಸುಳ್ಳಿಲ್ಲ. ಆ ಎರಡು ದಿನ ನಾನು ಮುಂಡಗೋಡದಲ್ಲಿ ಸೋದರಮಾವನ ಮಗಳ ಮದುವೆಯಲ್ಲಿದ್ದೆ. ಮೊದಲನೆಯ ವಾಕ್ಯದ ವಿಷಯ ಹೇಳಬೇಕೆಂದರೆ, ಆ ಪುಸ್ತಕದಲ್ಲಿ ನಾನು ಅರ್ಧ ದಾಟಿಲ್ಲ.

ಅದೇನು ಮಹಾ, ಎಲ್ಲರೂ ಮಾಡುವುದೇ ಎಂದು ನೀವು ಸಮಾಧಾನ ಹೇಳಬಹುದು. ಹೇಳಬೇಡಿ. ಮೊದಲ ಸಲ ಸಿಕ್ಕಿಬಿದ್ದವರಿಗೆ ಆ ಸಮಾಧಾನ. ನಾನು ಹಳೆಯ ಅಪರಾಧಿ. ಬೆಳ್ಳುಳ್ಳಿ ಇನ್ನೂ ಅರ್ಧ ಬುಟ್ಟಿ ಇದೆ, ನೀವೂ ಕುಳಿತುಕೊಳ್ಳಿ, ಹೇಳುತ್ತೇನೆ.

ನಾನು ಮದುವೆಯಾಗಿ ದಾಂಡೇಲಿಗೆ ಬಂದದ್ದು ಹುಬ್ಬಳ್ಳಿಯಿಂದ. ನಮ್ಮವರು ಕಾಗದದ ಮಿಲ್ಲಿನ ಲ್ಯಾಬಿನಲ್ಲಿದ್ದರು. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಮನೆ. ಹಿತ್ತಲ ಮರಕ್ಕೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಬರುತ್ತಿದ್ದವು. ಈಗ ಅವುಗಳನ್ನು ನೋಡಲೆಂದೇ ಊರೂರುಗಳಿಂದ ಕ್ಯಾಮೆರಾ ಹೊತ್ತು ಜನ ಬರುತ್ತಾರೆ. ನಾವು ಒಣಹಾಕಿದ ಸಂಡಿಗೆಯ ಮೇಲೆ ಅವುಗಳ ಹಿಕ್ಕೆ ಬೀಳದಿರಲಿ ಎಂದು ನೋಡಿಕೊಳ್ಳುತ್ತಿದ್ದೆವು, ಅಷ್ಟೇ. ದಿನಕ್ಕೆ ಮೂರು ಸಲ ಮಿಲ್ಲಿನ ಭೋಂಗಾ ಕೂಗುತ್ತಿತ್ತು. ಅದು ಕೂಗಿದಾಗ ಗಂಡಸರು ಹೋಗುತ್ತಿದ್ದರು, ಬರುತ್ತಿದ್ದರು. ಹೆಂಗಸರು ಕುಕ್ಕರು ಇಡುತ್ತಿದ್ದರು, ಇಳಿಸುತ್ತಿದ್ದರು.

ಓದುವ ಗುಂಪು ಕಟ್ಟಿದ್ದು ವಿಮಲಾ. ಹಳಿಯಾಳದ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವ ಟೀಚರು, ಮನೆಮಾತು ಮರಾಠಿ, ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಾಳೆ. ಗುಂಪಿನಲ್ಲಿ ಆರು ಜನ ಇದ್ದೆವು. ನಿಮಗೆ ಅವಳೂ ನಮ್ಮ ಪಕ್ಕದ ಮನೆಯ ಗಿರಿಜಕ್ಕನೂ ಗೊತ್ತಾದರೆ ಸಾಕು. ಪ್ರತಿವರ್ಷ ಪೇಪರಿನಲ್ಲಿ ಆ ಐದು ಪುಸ್ತಕಗಳ ಪಟ್ಟಿ ಬಂದ ಕೂಡಲೇ ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಒಂದು ಸೆಟ್ಟು ತರಿಸುವುದು. ಹಂಚಿಕೊಂಡು ಓದಿ, ಬದಲಾಯಿಸಿಕೊಂಡು ಓದಿ, ಬಹುಮಾನ ಹೊರಬೀಳುವ ಮೊದಲು ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿ, ಯಾವುದಕ್ಕೆ ಬರಬೇಕು ಎಂದು ನಾವೇ ತೀರ್ಮಾನಿಸುವುದು. ತೀರ್ಪುಗಾರರಿಗೆ ನಮ್ಮ ತೀರ್ಮಾನ ತಲುಪುತ್ತಿರಲಿಲ್ಲ ಎಂಬುದು ನಮ್ಮ ಹುರುಪನ್ನು ಎಂದೂ ತಗ್ಗಿಸಲಿಲ್ಲ.

ಈ ಗುಂಪಿನಲ್ಲಿ ನನಗೊಂದು ವಿಶೇಷ ಸ್ಥಾನವಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಕಾನ್ವೆಂಟಿನಲ್ಲಿ ಕಲಿತವಳಿಗೆ ಸಾಹಿತ್ಯ ಚೆನ್ನಾಗಿ ತಿಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನಿಜ ಸಂಗತಿ ಅದರ ತಿರುವುಮುರುವು. ನಮ್ಮ ಶಾಲೆಯಲ್ಲಿ ಕನ್ನಡ ವಾರಕ್ಕೆ ನಾಲ್ಕೇ ಪಿರಿಯಡ್ಡು, ಅದರಲ್ಲಿ ಒಂದು ಹಾಡಿನ ಅಭ್ಯಾಸಕ್ಕೆ ಹೋಗುತ್ತಿತ್ತು. ಸಾಲು ತಪ್ಪಬಾರದೆಂದು ಕೆಳಗೆ ಸ್ಕೇಲು ಇಟ್ಟುಕೊಂಡು ಓದುವ ಅಭ್ಯಾಸ ಮಾಡಿಸಿದ್ದರು ಸಿಸ್ಟರು. ಈಗಲೂ ಕನ್ನಡ ಓದುವಾಗ ನನ್ನ ತೋರುಬೆರಳು ಸಾಲಿನ ಕೆಳಗೆ ತೆವಳುತ್ತದೆ. ಮನೆಗೆ ಯಾರಾದರೂ ಬಂದರೆ ಬೆರಳನ್ನು ತೆಗೆದು, ಕನ್ನಡಕವನ್ನು ಹಣೆಗೇರಿಸಿ, ಕಿಟಕಿಯ ಕಡೆ ನೋಡುತ್ತ ಕುಳಿತುಕೊಳ್ಳುತ್ತಿದ್ದೆ. ಆಳವಾಗಿ ಯೋಚಿಸುತ್ತಿದ್ದಾಳೆ ಎಂದುಕೊಂಡು ಹೋಗುತ್ತಿದ್ದರು. ಅದಕ್ಕೇ ಪ್ರತಿವರ್ಷ ಐದರಲ್ಲಿ ಎಲ್ಲಕ್ಕಿಂತ ದಪ್ಪದ್ದು ನನಗೆ. "ಅದು ವಹಿನಿಗೇ ಸೈ," ಎಂದು ವಿಮಲಾ ಎತ್ತಿ ಕೊಡುತ್ತಿದ್ದಳು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಗಿರಿಜಕ್ಕ ಕಲಿತದ್ದು ಏಳನೇ ಇಯತ್ತೆ. ತವರು ಹಳಿಯಾಳದ ಕಡೆಯ ಹಳ್ಳಿ, ಹೊಲಮನೆಯವರು. ನನಗಿಂತ ಹತ್ತು ವರ್ಷ ದೊಡ್ಡವಳು; ಹಾಗಿದ್ದೂ ನನ್ನನ್ನು ಬಾಯಾರ ಎಂದು ಮರ್ಯಾದೆ ಕೊಟ್ಟೇ ಕರೆಯುತ್ತಿದ್ದಳು. ನಾನು ಬೇಡವೆಂದು ಎಷ್ಟು ಸಲ ಹೇಳಿದರೂ ಬಿಟ್ಟಿರಲಿಲ್ಲ. ಗಂಡ ಬಸಣ್ಣ ಮಿಲ್ಲಿನಲ್ಲಿ ಕಾಗದ ಕತ್ತರಿಸಿ ಕಟ್ಟುವ ವಿಭಾಗದಲ್ಲಿದ್ದ. ಬೆಳಿಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಂದೆರಡು ಪುಟ ಓದಿಬಿಡುವವಳು. ಹೊಸ ಪುಸ್ತಕ ಕೈಗೆ ಬಂದರೆ ನಾವು ಹಿಂಬದಿ ತಿರುಗಿಸಿ ಓದುತ್ತಿದ್ದೆವು. ಅವಳು ಮಾತ್ರ ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು, ಸೀರೆಯ ಬಟ್ಟೆ ನೋಡಿದ ಹಾಗೆ ಉಜ್ಜಿ ನೋಡುತ್ತಿದ್ದಳು. "ಇದು ನಮ್ಮ ಹಾಳಿ ಅಲ್ರಿ. ಆದ್ರೂ ಅಡ್ಡಿ ಇಲ್ಲ."

ಪುಸ್ತಕದ ಮೂಲೆ ಮಡಚುವುದು ಅವಳ ದೃಷ್ಟಿಯಲ್ಲಿ ಪಾಪ. ಮೊದಲ ವರ್ಷ ನಾನು ಹಾಗೆ ಮಡಚಿದ್ದನ್ನು ನೋಡಿ, ಮುಂಗೈ ಸುಟ್ಟುಕೊಂಡವಳ ಹಾಗೆ ಉಸಿರೆಳೆದುಕೊಂಡಳು. "ಒಂದ ಹಾಳಿ ಆಗಬೇಕಾದ್ರ ಎಷ್ಟ ಮಂದಿ ನಿಂತಿರತಾರ ಗೊತ್ತೈತೇನ್ರಿ ಬಾಯಾರ?" ಎಂದು ಕೇಳಿ ಮರುದಿನ ನಮಗೆಲ್ಲ ಒಂದೊಂದು ಕಟ್ಟು ಚೀಟಿ ಕೊಟ್ಟಳು. ಮಿಲ್ಲಿನಲ್ಲಿ ಬಣ್ಣದ ಕಾಗದವನ್ನು ಅಳತೆಗೆ ಕತ್ತರಿಸುವಾಗ ಅಂಚಿನಿಂದ ರಿಬ್ಬನ್ನಿನಂತೆ ಬೀಳುವ ಪಟ್ಟಿಗಳು; ಬಸಣ್ಣ ಗೇಟಿನಲ್ಲಿ ತೋರಿಸಿ ತಂದದ್ದು. ಗಿರಿಜಕ್ಕನಿಗೆ ಗುಲಾಬಿ, ವಿಮಲಾಗೆ ಹಳದಿ, ನನಗೆ ಹಸಿರು. ಓದುತ್ತ ಓದುತ್ತ ಯಾವುದೋ ಕೆಲಸಕ್ಕೆ ಏಳಬೇಕಾದಾಗ ಆ ಪುಟಕ್ಕೊಂದು ಚೀಟಿ. ಮರಳಿ ಬಂದು ಕುಳಿತಾಗ ಆ ಚೀಟಿ ತೆಗೆಯುವ ಹಾಗಿಲ್ಲ. ಮತ್ತೆ ಏಳುವಾಗ ಇನ್ನೊಂದು ಇಡಬೇಕು. ಯಾರಿದನ್ನು ನಿಯಮ ಮಾಡಿದರೋ ನೆನಪಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ಅದರ ಅಂಚಿನ ತುಂಬ ಬಣ್ಣಬಣ್ಣದ ನಾಲಿಗೆಗಳು.

ಅದರ ಮಜವೇ ಬೇರೆಯಿತ್ತು. "ಗಿರಿಜಕ್ಕ, ನಲವತ್ತೊಂದನೇ ಪುಟದಾಗ ಅಕಿ ಬಾವಿ ಕಟ್ಟಿ ಹತ್ತಿ ನಿಂತಾಳ, ಅಂಥಾದ್ರಾಗ ಹೆಂಗ ಎದ್ದ್ರಿ ನೀವು?"

"ನಳ ಬಂತಲ್ರಿ. ಅಕಿ ಹಾರಿದ್ರ ಹಾರ್ಲಿ, ನನಗ ನೀರ ತುಂಬೂದಿತ್ತು."

ಹೀಗೆ ಪುಸ್ತಕದ ಕಥೆಯ ಜೊತೆಗೆ ಓದಿದವರ ಮನೆಯ ಕಥೆಯೂ ಓದಲು ಸಿಗುತ್ತಿತ್ತು. ಇಲ್ಲಿ ಹಾಲು ಉಕ್ಕಿದೆ, ಇಲ್ಲಿ ಗಂಡ ಬಂದಿದ್ದಾನೆ, ಇಲ್ಲಿ ಬರೀ ಬೇಜಾರಾಗಿದೆ. ನಿಜ ಹೇಳಬೇಕೆಂದರೆ, ಬೆರಳು ತೆವಳಿಸಿಕೊಂಡು ಕಾದಂಬರಿ ಓದುವುದಕ್ಕಿಂತ ಚೀಟಿ ಓದುವುದು ನನಗೆ ಹಗುರವಾಗಿತ್ತು. ಸಣ್ಣಪುಟ್ಟದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಬರಬರುತ್ತ ನಾನು ಚೀಟಿಶಾಸ್ತ್ರದಲ್ಲಿ ಪಂಡಿತೆಯೇ ಆದೆ. ಯಾರು ಎಲ್ಲಿ ತೂಕಡಿಸಿದರು, ಯಾರು ಎಲ್ಲಿ ಪುಟ ಹಾರಿಸಿದರು, ಎಲ್ಲವನ್ನೂ ಕೂತಲ್ಲೇ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನಾನು ಮೆಚ್ಚುಗೆ ಎಂದು ತಿಳಿದುಕೊಳ್ಳುತ್ತಿದ್ದೆ.

ಇನ್ನು ಆ ವರ್ಷದ ಮಾತಿಗೆ ಬರುತ್ತೇನೆ. ಎಂಟೋ ಒಂಬತ್ತೋ ವರ್ಷವಾಯಿತು.

ಆ ವರ್ಷದ ದಪ್ಪ ಪುಸ್ತಕ ಐನೂರು ಪುಟ ಮೀರಿತ್ತು. ಕರಾವಳಿಯ ಮೆಣಸಿನ ವ್ಯಾಪಾರಿಯೊಬ್ಬನ ಮನೆತನ, ನಾಲ್ಕು ತಲೆಮಾರು. ಯಾರು ಯಾರ ಮಗ ಎಂದು ತಿಳಿಸಲು ಮೊದಲಲ್ಲೇ ಒಂದು ನಕ್ಷೆ. ನಾನು ಆ ನಕ್ಷೆಯನ್ನು ಮೂರು ದಿನ ಓದಿದೆ. ನಾಲ್ಕನೆಯ ದಿನ ಕಥೆಗೆ ಇಳಿದೆ. ಹಡಗಿಗೆ ಮೆಣಸು ಹೇರುವುದೇ ಮುಗಿಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಎದೆಯ ಮೇಲೆ ಇಟ್ಟುಕೊಂಡರೆ ಅದರ ಭಾರಕ್ಕೇ ನಿದ್ದೆ. ಹದಿನೈದು ದಿನ ಕಳೆದವು. ಮರುದಿನ ಅದನ್ನು ಗಿರಿಜಕ್ಕನಿಗೆ ದಾಟಿಸಬೇಕು. ಪುಸ್ತಕದ ಮುಂದಿನ ಅಂಚಿನಲ್ಲಿ ನನ್ನವು ಎರಡೇ ಹಸಿರು ಚೀಟಿ, ಆಮೇಲೆ ನಾನೂರೈವತ್ತು ಪುಟ ಬೋಳು.

ಆಗ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹೇಳುವುದಿಲ್ಲ ಎಂದರೆ ಈ ಬರಹ ಇಲ್ಲಿಗೇ ನಿಲ್ಲುತ್ತದೆ. ಕತ್ತರಿ ತಂದೆ. ಊಟದ ಮೇಜಿನ ಮುಂದೆ ಕುಳಿತು ಹಸಿರು ಪಟ್ಟಿಯನ್ನು ತುಂಡುತುಂಡು ಮಾಡಿದೆ. ಕಾನ್ವೆಂಟಿನ ಶಿಸ್ತು ಎಲ್ಲಿಗೆ ಹೋಗುತ್ತದೆ. ಇಪ್ಪತ್ತು ಪುಟಕ್ಕೊಂದರಂತೆ, ಅಂಚು ಅಂಚಿಗೆ ಸರಿಯಾಗಿ, ಕೊನೆಯವರೆಗೂ ಇಟ್ಟುಬಿಟ್ಟೆ. ಆಮೇಲೆ ಹಿಂಬದಿಯಲ್ಲಿ ಬರೆದದ್ದನ್ನು ಎರಡು ಸಲ ಓದಿ ಬಾಯಿಪಾಠ ಮಾಡಿದೆ.

ಅದೇ ಹೊತ್ತಿಗೆ ಗಿರಿಜಕ್ಕ ಓದಿ ಮುಗಿಸಿದ ಪುಸ್ತಕ ನನ್ನ ಕೈಗೆ ಬಂತು. ಐದರಲ್ಲಿ ತೀರ ಸಣ್ಣದು, ನೂರಾ ಅರವತ್ತು ಪುಟ. ಒಬ್ಬ ಮುದುಕಿ ಸೂಲಗಿತ್ತಿ. ಇನ್ನು ಹೆಚ್ಚು ದಿನ ಇಲ್ಲ ಎಂದು ವೈದ್ಯರು ಹೇಳಿದ ಮೇಲೆ, ತಾನು ಹೆರಿಗೆ ಮಾಡಿಸಿದ ಮನೆಗಳನ್ನೆಲ್ಲ ಇನ್ನೊಮ್ಮೆ ನೋಡಿ ಬರಬೇಕೆಂದುಕೊಳ್ಳುತ್ತಾಳೆ. ಗಿರಿಜಕ್ಕನ ಗುಲಾಬಿ ಚೀಟಿ ಆರರಲ್ಲಿತ್ತು, ಹನ್ನೊಂದರಲ್ಲಿತ್ತು, ಹತ್ತೊಂಬತ್ತರಲ್ಲಿ, ಇಪ್ಪತ್ತನಾಲ್ಕರಲ್ಲಿ, ಮೂವತ್ತೊಂದರಲ್ಲಿ, ಮೂವತ್ತೆಂಟರಲ್ಲಿ. ಆಮೇಲೆ ಒಂದೂ ಇಲ್ಲ. ನಾನು ಪುಸ್ತಕವನ್ನು ತಲೆಕೆಳಗು ಹಿಡಿದು ಜಾಡಿಸಿ ನೋಡಿದೆ. ಇಲ್ಲ. ಚೀಟಿ ನಿಂತಲ್ಲಿ ನನ್ನ ಓದೂ ನಿಂತಿತು. ಓಹೋ, ಗಿರಿಜಕ್ಕ ಮೂವತ್ತೆಂಟಕ್ಕೇ ಕೈಬಿಟ್ಟಿದ್ದಾಳೆ, ಹಾಗಾದರೆ ಇದರಲ್ಲಿ ಏನೂ ಇಲ್ಲ ಎಂದು ಮುಚ್ಚಿಟ್ಟೆ.

ಎಲ್ಲರೂ ಸೇರುವ ದಿನ ಬಂತು. ಪಡಸಾಲೆಯ ಟೀಪಾಯಿಯ ಮೇಲೆ ಐದೂ ಪುಸ್ತಕ. ನಾನು ದಪ್ಪದ್ದರ ಪರವಾಗಿ ಮಾತಾಡಿದೆ. ವಿಸ್ತಾರವಾದ ಹರವು ಎಂದೆ, ಕಾಲದ ಹರಿವು ಎಂದೆ. ಹರವು, ಹರಿವು ಎರಡೂ ಹಿಂಬದಿಯವು. ಚೆನ್ನಾಗಿ ಮಾತಾಡಿದೆ ಎಂದು ಒಳಗೊಳಗೇ ಅನಿಸಿತು. ಗಿರಿಜಕ್ಕನ ಸರದಿ ಬಂತು. ಅವಳು ಎಂದೂ ಹೆಚ್ಚು ಮಾತಾಡುವವಳಲ್ಲ. ಅವತ್ತು ಸೆರಗನ್ನು ಮುಂದೆ ಎಳೆದುಕೊಂಡು, ಸ್ವಲ್ಪ ಮುಂದೆ ಸರಿದು ಕುಳಿತಳು.

"ನನ್ನ ಕೇಳಿದ್ರ ಆ ಸಣ್ಣ ಪುಸ್ತಕಕ್ಕ ಬರಬೇಕ್ರಿ. ಅಂಥಾದ್ದ ನಾ ಓದಿರಲೇ ಇಲ್ಲ."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಆಗಷ್ಟೇ ಚೆನ್ನಾಗಿ ಮಾತಾಡಿದ ಬಾಯಿಗೆ ಸುಮ್ಮನಿರುವುದು ಕಷ್ಟ. ನಾನು ಪುಸ್ತಕ ಎತ್ತಿ, ಆರು ಗುಲಾಬಿ ಚೀಟಿಗಳನ್ನು ಎಲ್ಲರಿಗೂ ಕಾಣುವಂತೆ ಬೀಸಣಿಗೆಯ ಹಾಗೆ ಹರವಿ ತೋರಿಸಿದೆ. "ಗಿರಿಜಕ್ಕ, ನಿಮ್ಮ ಗುಲಾಬಿ ಮೂವತ್ತೆಂಟಕ್ಕ ನಿಂತಾವಲ್ಲ. ಮುಂದಿನ ನೂರಾ ಇಪ್ಪತ್ತ ಪುಟಾ ಯಾರ ಕಡೆ ಓದಿಸಿದ್ರಿ?"

ಎಲ್ಲರೂ ನಕ್ಕರು. ವಿಮಲಾ ಕಣ್ಣೊರೆಸಿಕೊಂಡು ನಕ್ಕಳು. ಗಿರಿಜಕ್ಕನೂ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು. ಆಮೇಲೆ, ಏಕೋ, ಟೀಪಾಯಿಯ ಮೇಲಿದ್ದ ದಪ್ಪ ಪುಸ್ತಕವನ್ನೂ ಒಮ್ಮೆ ನೋಡಿದಳು.

"ಹೌದ್ರಿ. ಮುಂದ ಇಟ್ಟಿಲ್ಲ," ಎಂದಳು. ಎದ್ದು, "ಬ್ಯಾಳಿ ಇಟ್ಟ ಬಂದೇನಿ, ಬರ್ತೇನಿ," ಎಂದು ಹೊರಟಳು. ಚಹಾ ಕುಡಿದಿರಲಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟಿತು.

ಮುಂದಿನ ಸಲ ಅವಳು ಬರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಅದರ ಮೇಲಿಂದ ಕರಿಬೇವು ಈಚೆ, ಮೊಸರು ಹೆಪ್ಪು ಆಚೆ, ಗುರೆಳ್ಳು ಚಟ್ನಿ ಈಚೆ, ವಾರಪತ್ರಿಕೆ ಆಚೆ, ಹೀಗೆ ಹದಿನಾಲ್ಕು ವರ್ಷ ನಡೆದಿತ್ತು. ಅದೆಲ್ಲ ನಿಂತಿತು. ಜಗಳವಿಲ್ಲ, ಎದುರು ಸಿಕ್ಕರೆ "ಊಟಾತ್ರ್ಯಾ?" ಎಂದು ಕೇಳುತ್ತಿದ್ದಳು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಸಾರಿ ಹೇಳಲಿಲ್ಲವೇ ಎಂದು ನೀವು ಕೇಳುತ್ತೀರಿ. ಹೇಳಿದೆ, ಮರುದಿನವೇ, ಗೋಡೆಯ ಮೇಲಿಂದ. ಕಾನ್ವೆಂಟಿನಲ್ಲಿ ನಮಗೆ ಅದನ್ನು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಏನೂ ಅನಿಸದೆಯೇ ಬಾಯಿಗೆ ಬರುತ್ತದೆ. "ಅದಕ್ಕೇನ್ರಿ," ಎಂದು ಅವಳು ಬಟ್ಟೆ ಹಿಂಡುತ್ತಲೇ ಇದ್ದಳು. ಮುಂದಿನ ವಾರ ಸಿಸ್ಟರು ಕಲಿಸಿದ ಕೇಕು ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಬಂದೆ. ಸಂಜೆ ಡಬ್ಬಿ ತೊಳೆದು ಬಂತು. ತೆಗೆದು ನೋಡಿದರೆ ಒಳಗೆ ಒಂದೇ ಚಮಚ ಸಕ್ಕರೆ. ಡಬ್ಬಿಯನ್ನು ಖಾಲಿ ಮರಳಿಸಬಾರದು ಎಂಬ ಪದ್ಧತಿಗೆ ಎಷ್ಟು ಬೇಕೋ ಅಷ್ಟು. ಆ ಸಕ್ಕರೆಯನ್ನು ನೋಡುತ್ತ ನಾನು ಕಟ್ಟೆಗೆ ಒರಗಿ ನಿಂತುಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ಅವಳ ಮನೆಯಿಂದ ಅಷ್ಟು ಹಗುರವಾದ ಡಬ್ಬಿ ಬಂದಿರಲಿಲ್ಲ.

ಇಷ್ಟರಲ್ಲಿ ಬಹುಮಾನ ಹೊರಬಿತ್ತು. ಯಾವುದಕ್ಕೆ ಬಂದಿರಬೇಕು ಹೇಳಿ. ದಪ್ಪ ಪುಸ್ತಕಕ್ಕೆ.

ವಿಮಲಾ ಶಾಲೆಯಿಂದ ಬರುವಾಗ ಧಾರವಾಡದ ಪೇಢೆ ಹಿಡಿದುಕೊಂಡೇ ಬಂದಳು. "ವಹಿನಿ, ನಿಮ್ಮ ಮಾತ ಖರೆ ಆತ ನೋಡ್ರಿ. ತೀರ್ಪಿನಾಗ ಹರವು ಅಂತನೂ ಐತಿ, ಹರಿವು ಅಂತನೂ ಐತಿ. ನೀವ ಹೇಳಿಧಂಗ." ಬಾಯಿಗೆ ಪೇಢೆ ತುರುಕಿದಳು. ನಾನು ನುಂಗಿದೆ. ಊರಿನ ಓದುವವರಲ್ಲೆಲ್ಲ ಸುದ್ದಿ ಹಬ್ಬಿತು, ಬ್ಯಾಂಕಿನಲ್ಲಿ ಕ್ಯೂದಲ್ಲಿ ನಿಂತಾಗ ಒಬ್ಬರು, "ನೀವಽ ಅಲ್ರೀ ಮೊದಲ ಹೇಳಿದವ್ರು?" ಎಂದು ಕೇಳಿದರು. ಓದದ ಪುಸ್ತಕಕ್ಕೆ ಇಷ್ಟು ಮರ್ಯಾದೆ ಸಿಕ್ಕುವುದಾದರೆ ಓದಿ ಕಣ್ಣು ಕೆಡಿಸಿಕೊಳ್ಳುವವರು ಯಾಕೆ ಇದ್ದಾರೆ ಎಂದು ನನಗೇ ಆಶ್ಚರ್ಯ. ಗೋಡೆಯ ಆಚೆ ಗಿರಿಜಕ್ಕ ಸುಮ್ಮನೆ ಪಾತ್ರೆ ತೊಳೆಯುತ್ತಿದ್ದಳು.

ಒಂದು ದಿನ ಹಳಿಯಾಳಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕದ ಸಾಲಿನ ಸೀಟಿನಲ್ಲಿ ಬಸಣ್ಣ ಕುಳಿತಿದ್ದ. ಮೂವತ್ತು ವರ್ಷ ಯಂತ್ರಗಳ ಸದ್ದಿನಲ್ಲಿ ದುಡಿದವರಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿರುತ್ತದೆ. ಅವನು ನನ್ನೊಬ್ಬಳ ಜೊತೆ ಮಾತಾಡಿದ. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು.

"ನಮ್ಮಾಕಿ ನಿಮ್ಮ ಸಂಘಕ್ಕ ಬರೂದ ಬಿಟ್ಟಾಳಂತಲ್ರಿ ಬಾಯಾರ. ಯಾಕ ಅಂತ ಕೇಳಿದ್ರ ಹೇಳವಲ್ಲಳು."

ನಾನು ಕಿಟಕಿ ಸರಿಪಡಿಸಿಕೊಂಡೆ.

"ಓದೂದ ಬ್ಯಾಸರಾತೇನೋ ಅಂದ್ರ, ಅದೂ ಅಲ್ಲ ಬಿಡ್ರಿ. ಆ ಸೂಲಗಿತ್ತಿ ಪುಸ್ತಕ ಇತ್ತಲ್ರಿ, ಅವತ್ತಿನ ಕತಿ ಕೇಳ್ರಿ. ಫಸ್ಟ್ ಶಿಫ್ಟ್ ಮುಗಿಸಿ ಮನಿಗೆ ಬಂದೆ. ಬಾಗಲಾ ತೆರದೈತಿ, ಒಲಿ ತಣ್ಣಗೈತಿ. ನಳ ಬಂದ ಹೋಗೈತಿ, ಕೊಡಾ ಎಲ್ಲಾ ಖಾಲಿ. ಈಕಿ ಪಾವಟಿಗಿ ಮ್ಯಾಲ ಕುಂತಾಳ, ಪುಸ್ತಕ ಹಿಡಕೊಂಡ, ಮುಖಾ ಕೆಂಪಗ ಮಾಡಕೊಂಡ. ನಾ ಅಂಜಿಬಿಟ್ಟೆ. ಯಾರರ ತೀರಿಕೊಂಡ್ರೇನ ಅಂದೆ."

"ಏನಂದ್ರು?"

"'ಇನ್ನ ಇಲ್ಲ, ಸ್ವಲ್ಪ ತಡೀರಿ' ಅಂದ್ಳು. ತಲಿ ಎತ್ತಲಿಲ್ಲ."

ಮುಂದಿನ ಸೀಟಿನ ಹೆಂಗಸು ಸೆರಗು ಬಾಯಿಗೆ ಹಿಡಿದಳು. ಕಂಡಕ್ಟರು ಟಿಕೆಟು ಹರಿಯುವುದನ್ನು ನಿಲ್ಲಿಸಿ ನಿಂತುಕೊಂಡ. "ಆಮ್ಯಾಲ ಏನಾತ್ರಿ?"

"ಏನಾಗೂದು, ನಾನಽ ಚಹಾ ಮಾಡಿದೆ. ಸಕ್ಕರಿ ಎಲ್ಲೈತಿ ಅಂತ ಕೇಳಾಕ ಧೈರ್ಯ ಸಾಲಲಿಲ್ಲ, ಹಂಗಽ ಕುಡದೆ. ಮುಂಜಾನೆ ಪೂಜಿ ಮುಗಿಸಿ ಕುಂತಾಕಿ ಕೊನೀ ಹಾಳಿ ತಿರುವಿದ ಮ್ಯಾಲೇ ಎದ್ದದ್ದು. ಮೂವತ್ತ ವರ್ಷದಾಗ ಹಂಗ ಕುಂತದ್ದ ನಾ ನೋಡಿಲ್ರಿ."

ಬಸ್ಸು ನಗುತ್ತಿತ್ತು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಏಳುವಾಗ ಇಡುವ ಚೀಟಿ ಅದು. ಎದ್ದರೆ ತಾನೇ ಇಡುವುದು. ಮೂವತ್ತೆಂಟರ ಆಚೆ ಗಿರಿಜಕ್ಕ ಏಳಲೇ ಇಲ್ಲ. ಆರು ಜನರ ಕೈಯಲ್ಲಿ ಆಡಿದ ಅಷ್ಟೂ ಪುಸ್ತಕಗಳಲ್ಲಿ, ನೂರಾ ಇಪ್ಪತ್ತು ಪುಟ ಒಂದೂ ಚೀಟಿಯಿಲ್ಲದೆ ಓದಿಸಿಕೊಂಡ ಪುಸ್ತಕ ಅದೊಂದೇ. ಅದನ್ನು ಎತ್ತಿ ಹಿಡಿದು ಎಲ್ಲರ ಮುಂದೆ ನಾನು ನಗಿಸಿದ್ದೆ. ಕಳ್ಳ ಚೀಟಿ ಇಟ್ಟವಳಿಗೆ ಇಲ್ಲದ ಚೀಟಿ ಕಳ್ಳತನವಾಗಿ ಕಂಡಿತ್ತು.

ಹಳಿಯಾಳದ ಕೆಲಸ ಏನಿತ್ತೋ ನೆನಪಿಲ್ಲ. ಅದೇ ಬಸ್ಸು ಮರಳುವಾಗ ಅದರಲ್ಲೇ ಬಂದೆ.

ಗಿರಿಜಕ್ಕ ಮುಂಬಾಗಿಲಿನ ಪಾವಟಿಗೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಡೆಯ ಮೇಲಿಂದ ಮಾತಾಡಿಸದೆ ಸುತ್ತಿಕೊಂಡು ಮುಂಬಾಗಿಲಿಗೆ ಹೋದೆ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಗೇಟಿನ ಹತ್ತಿರವೇ ಉದುರಿಹೋಯಿತು.

"ಗಿರಿಜಕ್ಕ, ಆ ದಪ್ಪ ಪುಸ್ತಕ ನಾ ಓದಿಲ್ಲ."

ಅವಳು ಮೊರ ಕೇರುತ್ತಲೇ ಇದ್ದಳು.

"ಹಸರ ಚೀಟಿ ಎಲ್ಲಾ ಸುಳ್ಳ. ಕತ್ತರಿ ತಗೊಂಡ ಒಮ್ಮೆ ಕುಂತ ಇಟ್ಟದ್ದು."

"ಗೊತ್ತೈತ್ರಿ."

"ಗೊತ್ತೈತಿ?"

"ನಿಮ್ಮ ಕಡಿಂದ ನನ್ನ ಕಡೇನ ಬಂತಲ್ರಿ ಅದು. ಅರವತ್ತಕ್ಕೊಂದು, ಎಂಬತ್ತಕ್ಕೊಂದು, ನೂರಕ್ಕೊಂದು." ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು. "ಮನ್ಯಾಗಿನ ಹೆಂಗಸು ಹಂಗ ಅಳತಿ ಹಿಡದ ಏಳ್ತಾಳೇನ್ರಿ ಬಾಯಾರ? ನಿಮ್ಮ ಮನ್ಯಾಗ ಹಾಲು ಹಾಳಿ ಎಣಿಸಿ ಉಕ್ಕತೈತೇನು?"

ನಾನು ಪಾವಟಿಗೆಯ ಕೆಳಗಿನ ಮೆಟ್ಟಿಲಲ್ಲಿ ಕುಳಿತೆ. "ಮತ್ತ ಅವತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು. ನಿಜವಾಗಿಯೂ ಆ ಪ್ರಶ್ನೆ ಅವಳಿಗೆ ಅರ್ಥವಾದಂತಿರಲಿಲ್ಲ. "ನಿಮಗ ಕೆಟ್ಟ ಅನಸ್ತಿತ್ತಲ್ರಿ," ಎಂದಳು.

ಅದಾದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಜೋಳ ಆರಿಸಿದೆವು. ನಾನು ಆರಿಸಿದ್ದರಲ್ಲಿ ಕಲ್ಲಿಗಿಂತ ಜೋಳವೇ ಹೆಚ್ಚು ಅಂಗಳಕ್ಕೆ ಹೋಯಿತು.

"ಅದು ಹೋಗ್ಲಿ ಬಿಡ್ರಿ. ಆ ಸಣ್ಣದನ್ನರ ಓದೀರಿಲ್ಲೋ?"

"ಮೂವತ್ತೆಂಟರ ತನಕ."

ಆಗ ಅವಳ ಕೈ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟಳು. ಅಷ್ಟು ದಿನದ ಬೇಸರ ಹೋಗಿ ಮುಖದಲ್ಲಿ ಬೇರೊಂದು ಬಂತು. ಅದು ನನ್ನ ಮೇಲಿನ ಕನಿಕರ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. "ಅಯ್ಯ ನನ್ನವ್ವ. ಹಂಗಾರ ಅಕಿ ಇನ್ನ ಮನಿ ಬಿಟ್ಟ ಹೊಂಟೇ ಇಲ್ಲಲ್ರಿ ನಿಮಗ."

ಒಳಗೆ ಕರೆದು ಕೂರಿಸಿದಳು. ಪುಸ್ತಕ ವಿಮಲಾಳ ಮನೆಯಿಂದ ಅದೇ ಸಂಜೆ ತರಿಸಿದೆವು. ಮರುದಿನದಿಂದ ಮಧ್ಯಾಹ್ನ ಅವಳು ರೊಟ್ಟಿ ಬಡಿಯುವಾಗ ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ, ಮೂವತ್ತೊಂಬತ್ತನೆಯ ಪುಟದಿಂದ. ಸಾಲಿನ ಕೆಳಗೆ ಬೆರಳು ತೆವಳುವುದನ್ನು ಅವಳು ನೋಡಿದಳು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಓದು ನಿಧಾನ. ಸಂಯುಕ್ತಾಕ್ಷರ ಬಂದಲ್ಲಿ ಎಡವುತ್ತಿದ್ದೆ. "ಸಾವಕಾಶ, ಸಾವಕಾಶ. ಅಕಿಗೂ ವಯಸ್ಸಾಗೇತಿ, ಗಡಿಬಿಡಿ ಇಲ್ಲ," ಎನ್ನುತ್ತಿದ್ದಳು. ಕಥೆ ಅವಳಿಗೆ ಪೂರ್ತಿ ಗೊತ್ತು. ಆದರೂ ಸೂಲಗಿತ್ತಿ ಒಂದೊಂದು ಬಾಗಿಲು ತಟ್ಟಿದಾಗಲೂ ರೊಟ್ಟಿ ಬಡಿಯುವ ಕೈ ನಿಂತು, ಯಾರು ತೆಗೆಯುತ್ತಾರೋ ಎಂದು ಕಾಯುತ್ತಿತ್ತು. ಒಂಬತ್ತು ದಿನ ಹಿಡಿಯಿತು. ಕೊನೆಯ ದಿನ ನಾವಿಬ್ಬರೂ ಅತ್ತೆವು, ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಬಸಣ್ಣ ಬಾಗಿಲಲ್ಲಿ ಇಣುಕಿ ನೋಡಿ, ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಗುಂಪಿನವರಿಗೆ ಹೇಳು ಎಂದು ಗಿರಿಜಕ್ಕ ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಏನಾದರೂ ನೆಪ ಹುಡುಕುತ್ತಿದ್ದೆ. ಮುಂದಿನ ಸಲ ಎಲ್ಲರೂ ಸೇರಿದಾಗ, ಅವಳು ಬಂದು ತನ್ನ ಜಾಗದಲ್ಲಿ ಕುಳಿತ ಮೇಲೆ, ನಾನು ಎದ್ದುನಿಂತು ಹೇಳಿದೆ. ಹಸಿರು ಚೀಟಿಯ ಕಥೆ, ಗುಲಾಬಿ ಚೀಟಿಯ ಕಥೆ, ಎರಡನ್ನೂ. ಯಾರೂ ನಗಲಿಲ್ಲ. ವಿಮಲಾ ಕಪ್ಪನ್ನು ಕೆಳಗಿಟ್ಟು ಕೇಳಿದಳು, "ಮತ್ತ ಆ ಪೇಢೆ, ವಹಿನಿ?"

"ತಿಂದಾಳಲ್ಲ ಪಾಪ. ಬಿಡವಾ," ಎಂದಳು ಗಿರಿಜಕ್ಕ. ಆಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವತ್ತು ಚಹಾ ಎರಡು ಸಲ ಆಯಿತು.

ಇಷ್ಟೆಲ್ಲ ಆದ ಮೇಲೆ ನಾನು ತಿದ್ದಿಕೊಂಡಿರಬೇಕಲ್ಲವೇ. ಕೆಲವು ವರ್ಷ ತಿದ್ದಿಕೊಂಡೂ ಇದ್ದೆ. ಆದರೆ ಬಸಣ್ಣ ನಿವೃತ್ತನಾಗಿ ಅವರು ಹಳಿಯಾಳದಲ್ಲಿ ಮನೆ ಮಾಡಿದರು. ಗೋಡೆಯ ಆಚೆಗೆ ಈಗ ಬೇರೆಯವರು, ಒಳ್ಳೆಯವರೇ, ಪುಸ್ತಕ ಓದುವುದಿಲ್ಲ. ನಮ್ಮ ಗುಂಪು ಫೋನಿನೊಳಗೆ ಹೋಯಿತು. ಪುಸ್ತಕಗಳು ಈಗಲೂ ಕೈಯಿಂದ ಕೈಗೆ ಹೋಗುತ್ತವೆ; ಮಾತು ಮಾತ್ರ ಬೆರಳಲ್ಲಿ. ಎದುರಿಗೆ ಕುಳಿತು ಹೇಳಲಾರದ ಸುಳ್ಳನ್ನು ಬೆರಳು ಎಷ್ಟು ಸಲೀಸಾಗಿ ಹೇಳುತ್ತದೆ ನೋಡಿ. ಮನಸ್ಸನ್ನು ಕಲಕುವ ಕೃತಿ. ಮನಸ್ಸು ಕಲಕಿದ್ದು ನಿಜವೇ. ಒಂದು ವರ್ಷ ತಡವಾಗಿ, ಇವತ್ತು ಬೆಳಿಗ್ಗೆ.

ಕೈ ತೊಳೆದುಕೊಂಡು ಬಂದೆ. ಬೆಳ್ಳುಳ್ಳಿಯ ವಾಸನೆ ಹೋಗಲಿಲ್ಲ. ಫೋನು ತೆಗೆದುಕೊಂಡು ಗುಂಪಿನಲ್ಲಿ ಬರೆದೆ: "ಹೋದ ವರ್ಷದ ದೊಡ್ಡ ಪುಸ್ತಕ ನಾನು ಅರ್ಧಕ್ಕೇ ಬಿಟ್ಟೆ. ಬರೆದದ್ದು ಸುಳ್ಳು. ಈ ಸಲ ಮೊದಲು ಬೇರೆಯವರು ಆರಿಸಿ." ಕಳಿಸಿದ ಮೇಲೆ ಅಳಿಸಲೇ ಎಂದು ಎರಡು ಸಲ ಬೆರಳು ಹೋಯಿತು. ಅಷ್ಟರಲ್ಲಿ ನೀಲಿ ಗೆರೆಗಳು ಬಂದೇಬಿಟ್ಟವು. ಎಲ್ಲರೂ ನೋಡಿದ್ದಾರೆ. ಯಾರೂ ಏನೂ ಬರೆಯುತ್ತಿಲ್ಲ. ನಾನು ಒಗ್ಗರಣೆಗೆ ಇಟ್ಟೆ, ಆರಿಸಿದೆ, ಮತ್ತೆ ಫೋನು ನೋಡಿದೆ.

ಹಳಿಯಾಳದಿಂದ ಒಂದು ಧ್ವನಿ ಬಂದಿತ್ತು. ಗಿರಿಜಕ್ಕನಿಗೆ ಬರೆಯುವುದೆಂದರೆ ಬೇಸರ, ಮಾತಾಡಿಯೇ ಕಳಿಸುತ್ತಾಳೆ. ಹಿಂದೆ ಮಿಕ್ಸರಿನ ಸದ್ದು, ಯಾರನ್ನೋ ಗದರುವ ಬಸಣ್ಣನ ದನಿ, ಅವೆರಡನ್ನೂ ಮೀರಿ ಅವಳದು.

"ಅರ್ಧಾ ಓದೀರಲ್ರಿ ಬಾಯಾರ, ಅದೇನ ಕಡಿಮಿ ಆತು? ಆ ಅರ್ಧಾದಾಗ ಏನ ಆಗೇತಿ, ಅದನ್ನರ ಹೇಳ್ರಿ. ನಾ ಕುಂತೇನಿ."

ಒಲೆ ಆರಿಸಿದ್ದು ಒಳ್ಳೆಯದೇ ಆಯಿತು. ಕಪಾಟಿನಿಂದ ಆ ಪುಸ್ತಕ ತೆಗೆದುಕೊಂಡು ಬಂದು, ಕುರ್ಚಿ ಎಳೆದು ಕುಳಿತು, ಮೈಕಿನ ಗುಂಡಿ ಒತ್ತಿ ಹಿಡಿದೆ. ಮೊದಲನೆಯ ಪುಟದಲ್ಲಿ ಒಬ್ಬ ಗಂಡಸು ಕ್ಯಾಸಲ್‌ರಾಕಿನಂಥ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ, ಗಿರಿಜಕ್ಕ, ಎಂದು ಶುರುಮಾಡಿದೆ. ಯಾಕೆ ಇಳಿದ ಅಂತ ನನಗೂ ಇನ್ನೂ ತಿಳಿದಿಲ್ಲ.